ಡೈನೋಸಾರ್ ಹುಡುಕುವವರಿಗೆ ಸಂಬಳ ಕೊಡೋದು ಯಾರು?

ಸಿವಿಲ್ ಎಂಜಿನಿಯರಿಂಗ್ ಓದುವವರಿಗೆ ಭೂವಿಜ್ಞಾನ ಒಂದು ಪುಟ್ಟ ವಿಷಯ. ಯಾವ ಬಂಡೆಯ ಮೇಲೆ ಅಣೆಕಟ್ಟು ಕಟ್ಟಬಹುದು, ಯಾವ ಕಲ್ಲು ಜಲ್ಲಿಗೆ ಲಾಯಕ್ಕು, ಎಲ್ಲಿ ಬೋರ್‌ವೆಲ್ ಕೊರೆದರೆ ನೀರು ಸಿಕ್ಕೀತು, ಇಷ್ಟೇ. ಪಳೆಯುಳಿಕೆಗೆ ಅಲ್ಲಿ ಅರ್ಧ ಪುಟ ಸಿಕ್ಕರೆ ಹೆಚ್ಚು. ‘ಇದು ಎಕ್ಸಾಮ್‌ಗೆ ಬರಲ್ಲ, ಬಿಡಿ’ ಎಂದು ಮೇಷ್ಟ್ರು ಪುಟ ತಿರುಗಿಸಿದ ದಿನ ಹಿಂದಿನ ಬೆಂಚಿನಿಂದ ಒಬ್ಬ ಕೇಳಿದ: ‘ಸರ್, ಡೈನೋಸಾರ್ ಹುಡುಕ್ತಾರಲ್ಲ, ಅವರಿಗೆ ಪ್ಯಾಕೇಜ್ ಎಷ್ಟು?’ ಕ್ಲಾಸೆಲ್ಲ ನಕ್ಕಿತು. ಮೇಷ್ಟ್ರೂ ನಕ್ಕರು. ಉತ್ತರ ಮಾತ್ರ ಯಾರೂ ಹೇಳಲಿಲ್ಲ.

ಪ್ರಶ್ನೆಯೇನೂ ತಮಾಷೆಯದಲ್ಲ. ಐದನೇ ಸೆಮಿಸ್ಟರಿಗೆ ಬಂದ ಮೇಲೆ ನಮಗೆ ಜಗತ್ತಿನ ಎಲ್ಲ ಕೆಲಸಗಳೂ ಕಾಣುವುದು ಆ ಒಂದೇ ಕಿಟಕಿಯಿಂದ. ಸಿವಿಲ್ ಓದುತ್ತಿದ್ದರೂ ‘ಜೊತೆಗೆ ಕೋಡಿಂಗ್ ಕಲಿತುಬಿಡು’ ಎಂಬ ಉಪದೇಶ ದಿನಕ್ಕೆ ಎರಡು ಸಲವಾದರೂ ಕಿವಿಗೆ ಬೀಳುತ್ತದೆ. ಹಾಗಾಗಿ ಆ ಪ್ರಶ್ನೆಯ ಬೆನ್ನು ಹತ್ತಿ ಲೈಬ್ರರಿಯಲ್ಲಿ, ಮೊಬೈಲಿನಲ್ಲಿ ಸಿಕ್ಕಿದ್ದನ್ನೆಲ್ಲ ಓದಿದೆ. ತಿಳಿದದ್ದು ಇಷ್ಟು: ನಮ್ಮ ದೇಶದಲ್ಲಿ ಡೈನೋಸಾರ್ ಪತ್ತೆ ಮಾಡಿದವರಲ್ಲಿ ಹಲವರಿಗೆ ಸಂಬಳ ಬರುತ್ತಿದ್ದದ್ದು ಬೇರೆ ಕೆಲಸಕ್ಕೆ. ಭೂಪಟ ತಯಾರಿಸಲು, ಖನಿಜ ಹುಡುಕಲು, ಸುಣ್ಣಕಲ್ಲಿನ ಲೆಕ್ಕ ಹಾಕಲು. ಡೈನೋಸಾರ್ ಅವರಿಗೆ ಸಂಬಳದ ಮೇಲೆ ಸಿಕ್ಕ ಗಿಂಬಳ. ಲಂಚದ ಸೋಂಕಿಲ್ಲದ ಗಿಂಬಳ ಇದೊಂದೇ ಇರಬೇಕು!

‘ಜುರಾಸಿಕ್ ಪಾರ್ಕ್’ ನೋಡಿ ಬೆಳೆದ ನಮಗೆ ಪ್ರಾಗ್ಜೀವಿ ವಿಜ್ಞಾನಿ ಎಂದರೆ ಹ್ಯಾಟು ಹಾಕಿಕೊಂಡು ಮರಳುಗಾಡಿನಲ್ಲಿ ಬ್ರಷ್ ಹಿಡಿದು ಕೂತ ಮನುಷ್ಯ. ಧನಂಜಯ ಮೊಹಬೆ ಅವರ ಕಥೆ ಓದಿದ ಮೇಲೆ ನನ್ನ ತಲೆಯಲ್ಲಿ ಆ ಚಿತ್ರ ಬದಲಾಯಿತು. ಮೊಹಬೆ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯ, ಅಂದರೆ ಎಲ್ಲರೂ ಜಿಎಸ್‌ಐ ಎಂದು ಕರೆಯುವ ಸಂಸ್ಥೆಯ ಭೂವಿಜ್ಞಾನಿ. 1851ರಲ್ಲಿ ಶುರುವಾದ ಈ ಸಂಸ್ಥೆಯನ್ನು ಬ್ರಿಟಿಷರು ಕಟ್ಟಿದ್ದು ಮುಖ್ಯವಾಗಿ ಕಲ್ಲಿದ್ದಲು ಹುಡುಕುವುದಕ್ಕೆ, ಡೈನೋಸಾರಿಗಾಗಿ ಅಲ್ಲ.

1981ರಲ್ಲಿ ಗುಜರಾತಿನ ಬಾಲಾಸಿನೋರ್ ಹತ್ತಿರದ ರೈಯೋಲಿ ಎಂಬ ಹಳ್ಳಿಯ ಬಳಿ ಸಿಮೆಂಟ್ ಕಂಪನಿಯೊಂದರ ಸುಣ್ಣಕಲ್ಲು ಕ್ವಾರಿಯಿತ್ತು. ಅಲ್ಲಿನ ಕೆಲಸಗಾರರಿಗೆ ಕಲ್ಲು ಒಡೆಯುವಾಗ ಆಗಾಗ ಗುಂಡನೆಯ ಕಲ್ಲುಗಳು ಸಿಗುತ್ತಿದ್ದವು. ಜಿಎಸ್‌ಐನ ಜಿ.ಎನ್. ದ್ವಿವೇದಿ ಮತ್ತು ಮೊಹಬೆ ಅವರ ಕೈಗೆ ಅವು ಬಂದವು. ಅವು ಡೈನೋಸಾರ್ ಮೊಟ್ಟೆಗಳು ಎಂಬುದು ಆಮೇಲೆ ಗೊತ್ತಾಯಿತು. ಮೊದಲು ಎತ್ತಿಕೊಂಡ ಕೈ ಕ್ವಾರಿ ಕಾರ್ಮಿಕನದು. ಅದನ್ನು ಪಕ್ಕಕ್ಕೆ ಎಸೆಯದೆ ‘ಇದೇನು ಸ್ವಾಮಿ?’ ಎಂದು ಕೇಳುವಂಥ ವಾತಾವರಣ ಇದ್ದದ್ದೇ ದೊಡ್ಡದು. ಸೈಟಿನಲ್ಲಿ ಗಾರೆ ಕೆಲಸದವರ ಜೊತೆ ಮಾತೇ ಆಡದ ಎಂಜಿನಿಯರುಗಳನ್ನು ಇಂಟರ್ನ್‌ಶಿಪ್‌ನಲ್ಲಿ ನೋಡಿದ್ದೇನೆ. ಅಂಥವರ ಕೈಗೆ ಈ ಕಲ್ಲು ಯಾರೂ ತಂದು ಕೊಡುತ್ತಿರಲಿಲ್ಲ.

ಮೂರು ವರ್ಷದ ನಂತರ, 1984ರಲ್ಲಿ, ಅದೇ ಸೀಮೆಯ ಧೋಲಿ ಡುಂಗ್ರಿಯಲ್ಲಿ ಮೊಹಬೆ ಅವರಿಗೆ ಒಂದು ವಿಶೇಷವಾದ ಕಲ್ಲಿನ ತುಂಡು ಸಿಕ್ಕಿತು. ಅದರಲ್ಲಿ ಮೊಟ್ಟೆಗಳಿದ್ದವು. ಮೊಟ್ಟೆಯ ಪಕ್ಕದಲ್ಲಿ ಸಣ್ಣ ಸಣ್ಣ ಮೂಳೆಗಳೂ ಇದ್ದವು. ಮೊಟ್ಟೆಯ ಪಕ್ಕ ಮೂಳೆ ಇದ್ದರೆ ಏನು? ಮರಿ ಇರಬೇಕು. ಉದ್ದ ಕತ್ತಿನ, ಗಿಡ ತಿನ್ನುವ ಸಾರೊಪಾಡ್ ಡೈನೋಸಾರಿನ ಮರಿ ಎಂದು ಅವರು 1987ರಲ್ಲಿ ಪ್ರಬಂಧ ಬರೆದರು. ಅದು ಅಚ್ಚಾದದ್ದು ಭಾರತೀಯ ಭೂವೈಜ್ಞಾನಿಕ ಸಂಘದ ನಿಯತಕಾಲಿಕದಲ್ಲಿ. ಆ ಸಂಘದ ಕಚೇರಿ ಇರುವುದು ನಮ್ಮ ಬೆಂಗಳೂರಿನಲ್ಲೇ. ಡೈನೋಸಾರ್ ಗುಜರಾತಿನದಾದರೂ ಅದರ ಸುದ್ದಿ ಲೋಕಕ್ಕೆ ಹೋದದ್ದು ಇಲ್ಲಿಂದ ಎನ್ನುವುದು ನನಗೆ ಖುಷಿ ಕೊಟ್ಟ ಸಂಗತಿ.

ಕಥೆ ಇಲ್ಲಿಗೇ ಮುಗಿದಿದ್ದರೂ ಒಳ್ಳೆಯ ಕಥೆಯೇ. ಆದರೆ 2001ರಲ್ಲಿ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ಜೆಫ್ರಿ ವಿಲ್ಸನ್ ಬಂದು ಆ ಕಲ್ಲನ್ನು ನೋಡಿದರು. ಬೆನ್ನುಮೂಳೆಯ ಮಣಿಗಳ ಮೇಲೆ ಅವರ ಕಣ್ಣು ನಿಂತಿತು. ಬಡಗಿ ಎರಡು ತುಂಡು ಮರಕ್ಕೆ ಕಚ್ಚು ಕೊರೆದು ಒಂದರಲ್ಲೊಂದು ಕೂರಿಸುತ್ತಾನಲ್ಲ, ಆ ಬಗೆಯ ಹೆಚ್ಚುವರಿ ಕೀಲು ಆ ಮಣಿಗಳಲ್ಲಿತ್ತು. ಡೈನೋಸಾರ್ ಮರಿಯ ಬೆನ್ನಿನಲ್ಲಿ ಅದು ಇರುವುದಿಲ್ಲ. ಹಾವಿನ ಬೆನ್ನಿನಲ್ಲಿ ಇರುತ್ತದೆ.

ಅಂದರೆ ಗೂಡಿನಲ್ಲಿ ಮೊಟ್ಟೆ ಮತ್ತು ಮರಿಯ ಜೊತೆ ಮೂರನೆಯವನೊಬ್ಬ ಇದ್ದ.

ಇಲ್ಲಿಂದ ಮುಂದಿನದು ಸಿನಿಮಾದಲ್ಲಿ ಎರಡು ನಿಮಿಷದಲ್ಲಿ ಮುಗಿಯುತ್ತದೆ, ನಿಜದಲ್ಲಿ ಒಂಬತ್ತು ವರ್ಷ ಹಿಡಿಯಿತು. ಕಲ್ಲನ್ನು ಅಮೆರಿಕಕ್ಕೆ ಕೊಂಡೊಯ್ಯಲು ನಮ್ಮ ಗಣಿ ಸಚಿವಾಲಯ ಮತ್ತು ಮಿಷಿಗನ್ ವಿಶ್ವವಿದ್ಯಾಲಯದ ನಡುವೆ ಒಪ್ಪಂದವಾಗಬೇಕಾಯಿತು. ಮೂಳೆಗೆ ಅಂಟಿದ ಕಲ್ಲನ್ನು ಚೂರುಚೂರೇ ಬಿಡಿಸಲು ಸುಮಾರು ಒಂದು ವರ್ಷ ಬೇಕಾಯಿತು. ಹಾವಿನ ಪಳೆಯುಳಿಕೆ ಬಲ್ಲ ಜೇಸನ್ ಹೆಡ್ ಜೊತೆಗೂಡಿದರು. ತಂಡ ಮತ್ತೆ ಧೋಲಿ ಡುಂಗ್ರಿಗೆ ಹೋಗಿ ಕಲ್ಲಿನ ಪದರಗಳನ್ನು ಓದಿತು. ಮೊಟ್ಟೆಗಳ ಜೊತೆಗಿದ್ದ ಇದೇ ಜಾತಿಯ ಬೇರೆ ಹಾವುಗಳ ಅವಶೇಷವೂ ಆ ಜಾಗದಲ್ಲಿ ಇರುವುದು ತಿಳಿಯಿತು. 2010ರ ಮಾರ್ಚ್‌ನಲ್ಲಿ ಪ್ರಬಂಧ ಬಂತು. ಸುಮಾರು 6.7 ಕೋಟಿ ವರ್ಷಗಳ ಹಿಂದೆ, ಮೂರೂವರೆ ಮೀಟರ್ ಉದ್ದದ ಹಾವೊಂದು ಒಡೆದ ಮೊಟ್ಟೆಯ ಸುತ್ತ ಸುರುಳಿ ಸುತ್ತಿಕೊಂಡಿತ್ತು. ಪಕ್ಕದಲ್ಲಿ ಅರ್ಧ ಮೀಟರಿನ ಡೈನೋಸಾರ್ ಮರಿ. ಇನ್ನೆರಡು ಮೊಟ್ಟೆ ಒಡೆಯದೆ ಉಳಿದಿದ್ದವು. ಅಷ್ಟರಲ್ಲಿ ಬಿರುಮಳೆಗೆ ಜಾರಿಬಂದ ಮಣ್ಣು ಎಲ್ಲರನ್ನೂ ಒಟ್ಟಿಗೇ ಮುಚ್ಚಿಬಿಟ್ಟಿತು ಎಂಬುದು ಅವರ ತೀರ್ಮಾನ. ಈಗಿನ ಹೆಬ್ಬಾವಿನಷ್ಟು ಬಾಯಿ ಅಗಲಿಸಲು ಆ ಹಾವಿಗೆ ಆಗುತ್ತಿರಲಿಲ್ಲ. ಇಡೀ ಮೊಟ್ಟೆ ನುಂಗಲಾರದ್ದು, ಮರಿ ಹೊರಬರುವುದನ್ನೇ ಹೊಂಚಿ ಕೂತಿರಬೇಕು. ಅದಕ್ಕೆ ಇಟ್ಟ ಹೆಸರು ಸನಾಜೆ ಇಂಡಿಕಸ್. ಸಂಸ್ಕೃತದ ಪದಗಳಿಂದ ಕಟ್ಟಿದ ಹೆಸರು. ಪುರಾತನ ಕಾಲದ ಬಾಯಿ ತೆರೆದದ್ದು ಎಂಬ ಅರ್ಥ.

ಆ ಪ್ರಬಂಧದ ಲೇಖಕರ ಪಟ್ಟಿ ನೋಡಿ. ವಿಲ್ಸನ್, ಮೊಹಬೆ, ಪೀಟರ್ಸ್, ಹೆಡ್. 1987ರ ತಮ್ಮ ಓದನ್ನು ತಿದ್ದಿದ ಪ್ರಬಂಧಕ್ಕೆ ಮೊಹಬೆ ಅವರೇ ಸಹಲೇಖಕರು. ಇಪ್ಪತ್ತಾರು ವರ್ಷ ಕಲ್ಲನ್ನು ಜೋಪಾನ ಮಾಡಿ, ಬೇರೊಬ್ಬರಿಗೆ ತೋರಿಸಿ, ಅವರು ‘ಇದು ಬೇರೆ ಏನೋ’ ಎಂದಾಗ ಮುನಿಸಿಕೊಳ್ಳದೆ ಅವರ ಜೊತೆಯೇ ಕೂತು ಬರೆದರು. ನನ್ನ ಮಟ್ಟಿಗೆ ಈ ವೃತ್ತಿಯ ಇಂಟರ್‌ವ್ಯೂನಲ್ಲಿ ಕೇಳಬೇಕಾದ ಅರ್ಹತೆ ಇದೇ. ವೈವಾದಲ್ಲಿ ಎಕ್ಸ್‌ಟರ್ನಲ್ ಒಂದು ಅಂಕಿ ತಪ್ಪು ಎಂದರೆ ಹಾಸ್ಟೆಲ್‌ಗೆ ಬಂದು ಎರಡು ದಿನ ಬೈದುಕೊಳ್ಳುವವರು ನಾವು.

ಹಾಗಂತ ಬಯಲಿನ ಕೆಲಸ ಸಣ್ಣದೇನಲ್ಲ. ಮಳೆಗಾಲ ಮುಗಿದ ಮೇಲೆ ಫೀಲ್ಡ್ ಸೀಸನ್. ಕೈಯಲ್ಲಿ ಭೂಪಟ, ಸುತ್ತಿಗೆ, ಲೆನ್ಸ್, ಕಂಪಾಸ್, ನೋಟ್‌ಬುಕ್. ದಿನಕ್ಕೆ ಹತ್ತು–ಹದಿನೈದು ಕಿಲೋಮೀಟರ್ ತಲೆ ಬಗ್ಗಿಸಿಕೊಂಡು ನಡಿಗೆ. ಮೂಳೆ ಕಂಡರೆ ಕೂಡಲೇ ಅಗೆಯುವಂತಿಲ್ಲ. ಬಿರುಕಿಗೆ ಅಂಟು ಸುರಿದು ಗಟ್ಟಿ ಮಾಡಬೇಕು, ಸುತ್ತಲ ಮಣ್ಣು ಬಿಡಿಸಬೇಕು, ಆಮೇಲೆ ಮುರಿದ ಕಾಲಿಗೆ ಆಸ್ಪತ್ರೆಯಲ್ಲಿ ಹಾಕುತ್ತಾರಲ್ಲ, ಹಾಗೆ ಗೋಣಿಪಟ್ಟಿ ಮತ್ತು ಪ್ಲಾಸ್ಟರ್ ಸುತ್ತಿ ಎತ್ತಬೇಕು. ಇದೆಲ್ಲಕ್ಕಿಂತ ಮೊದಲು ಯಾವ ಮೂಳೆ ಎಲ್ಲಿ, ಯಾವ ದಿಕ್ಕಿಗೆ ಮಲಗಿತ್ತು ಎಂಬ ನಕ್ಷೆ ಬರೆಯಬೇಕು.

ಈ ನಕ್ಷೆಯ ಬೆಲೆ ಗೊತ್ತಾಗುವುದು ರಾಜಾಸಾರಸ್ ಕಥೆಯಲ್ಲಿ. ರೈಯೋಲಿಯಲ್ಲಿ ಮೊಟ್ಟೆ ಸಿಕ್ಕ ಮೇಲೆ ಜಿಎಸ್‌ಐ ಅಲ್ಲಿಗೆ ಸುರೇಶ್ ಶ್ರೀವಾಸ್ತವ ಅವರನ್ನು ಕಳಿಸಿತು. 1982ರಿಂದ 1984ರ ನಡುವೆ ಎರಡು ಸೀಸನ್‌ನಲ್ಲಿ ಅವರು ಮೂಳೆಗಳ ರಾಶಿಯನ್ನೇ ತೆಗೆದರು. ಬೇರೆ ಬೇರೆ ಪ್ರಾಣಿಗಳ ಮೂಳೆ ಒಂದರ ಮೇಲೊಂದು ಬಿದ್ದಿದ್ದ ಜಾಗ ಅದು. ಅವರು ಪ್ರತಿ ಮೂಳೆಯ ಸ್ಥಾನವನ್ನೂ ನಕ್ಷೆಯಲ್ಲಿ ಗುರುತು ಮಾಡಿದ್ದರು. ಹದಿನೆಂಟು ವರ್ಷ ಆ ಪೆಟ್ಟಿಗೆಗಳು ಹಾಗೇ ಇದ್ದವು. ಪಂಜಾಬ್ ವಿಶ್ವವಿದ್ಯಾಲಯದ ಅಶೋಕ್ ಸಾಹ್ನಿ, ಅಮೆರಿಕದ ಪಾಲ್ ಸೆರೆನೋ ಮತ್ತು ಇದೇ ವಿಲ್ಸನ್ ಸೇರಿದ ತಂಡ 2001ರಲ್ಲಿ ಅವನ್ನು ಬಿಚ್ಚಿ, ಆ ನಕ್ಷೆ ಮುಂದಿಟ್ಟುಕೊಂಡು, ಯಾವ ಮೂಳೆ ಯಾರದ್ದು ಎಂದು ಬೇರ್ಪಡಿಸಿತು. ಎರಡು ವರ್ಷದ ನಂತರ, 2003ರಲ್ಲಿ, ಹಣೆಯ ಮೇಲೆ ಮೋಟು ಕೊಂಬಿನ ಮಾಂಸಾಹಾರಿ ಡೈನೋಸಾರ್ ರಾಜಾಸಾರಸ್ ನರ್ಮದೆನ್ಸಿಸ್ ಹೆಸರು ಪಡೆಯಿತು. ಸರ್ವೆ ಪ್ರಾಕ್ಟಿಕಲ್‌ನಲ್ಲಿ ಬಿಸಿಲಿಗೆ ಬೇಸತ್ತು ಫೀಲ್ಡ್ ಬುಕ್ ಅನ್ನು ರೂಮಿನಲ್ಲಿ ಕೂತು ತುಂಬಿಸುವ ನಮ್ಮ ಜಾಣರ ಬಳಗ ಇದನ್ನೊಮ್ಮೆ ಓದಬೇಕು. ಶ್ರೀವಾಸ್ತವ ಅವರ ಫೀಲ್ಡ್ ಬುಕ್ ಸುಳ್ಳಾಗಿದ್ದರೆ ರಾಜಾಸಾರಸ್ ಇವತ್ತಿಗೂ ಹಲವು ಪ್ರಾಣಿಗಳ ಮೂಳೆ ಬೆರೆತ ಪೆಟ್ಟಿಗೆಯಾಗಿಯೇ ಇರುತ್ತಿತ್ತು.

ಜೋಪಾನ ಮಾಡದಿದ್ದರೆ ಏನಾಗುತ್ತದೆ ಎಂಬುದಕ್ಕೂ ಉದಾಹರಣೆ ಇದೆ, ಅದೂ ನಮ್ಮ ಪಕ್ಕದಲ್ಲೇ. ತಮಿಳುನಾಡಿನ ಅರಿಯಲೂರು ಸೀಮೆಯ ಕಲ್ಲಮೇಡು ಎಂಬಲ್ಲಿ ಪಿ. ಯಾದಗಿರಿ ಮತ್ತು ಕೆ. ಅಯ್ಯಸಾಮಿ ಎಂಬ ಭೂವಿಜ್ಞಾನಿಗಳು 1980ರ ದಶಕದಲ್ಲಿ ಭಾರಿ ಮೂಳೆಗಳನ್ನು ವರದಿ ಮಾಡಿದರು. ಕಾಲಿನ ಒಂದು ಮೂಳೆಯೇ ಎರಡು ಮೀಟರ್. ಹೆಸರು ಬೃಹತ್ಕಾಯೋಸಾರಸ್, ಕನ್ನಡಿಗರಿಗೆ ಅರ್ಥ ಬಿಡಿಸಿ ಹೇಳಬೇಕಿಲ್ಲ. ನೆಲದ ಮೇಲೆ ನಡೆದ ಅತಿ ದೊಡ್ಡ ಪ್ರಾಣಿಗಳ ಸಾಲಿನಲ್ಲಿ ಅದನ್ನು ನಿಲ್ಲಿಸುವವರಿದ್ದಾರೆ. ಆದರೆ ಮೂಳೆಗಳೇ ಈಗ ಇಲ್ಲ. ಒದ್ದೆ, ಮೆದು ಮಣ್ಣಿನಿಂದ ಬಂದ ಅವು ಪುಡಿಪುಡಿಯಾಗಿ ಹೋದವು. ಉಳಿದಿರುವುದು ಕೆಲವು ಫೋಟೊ ಮತ್ತು ಗೆರೆಚಿತ್ರ. ಜಗತ್ತಿನ ದಾಖಲೆಯೊಂದು ನಮ್ಮ ಕೈಯಲ್ಲಿತ್ತೋ ಇಲ್ಲವೋ ಎಂಬುದನ್ನು ಸಾಬೀತು ಮಾಡಲು ಬೇಕಾದ ಮೂಳೆಯೇ ಇಲ್ಲವಲ್ಲ ಎಂದು ಹೊಟ್ಟೆ ಉರಿಯುತ್ತದೆ.

ಇದಕ್ಕೆ ಎದುರಾದ ಕಥೆ ಜಬಲ್ಪುರದ್ದು. ಠಕ್ಕರನ್ನು ಹಿಡಿದವನೆಂದು ಇತಿಹಾಸದ ಪಾಠದಲ್ಲಿ ಬರುವ ವಿಲಿಯಂ ಸ್ಲೀಮನ್ ಎಂಬ ಬ್ರಿಟಿಷ್ ಅಧಿಕಾರಿ 1828ರಲ್ಲಿ ಅಲ್ಲಿ ಕೆಲವು ಕಲ್ಲಾದ ಮೂಳೆ ಎತ್ತಿಕೊಂಡ. ಆಗ ‘ಡೈನೋಸಾರ್’ ಎಂಬ ಪದವೇ ಹುಟ್ಟಿರಲಿಲ್ಲ, ಅದು ಬಂದದ್ದು 1842ರಲ್ಲಿ. 1877ರಲ್ಲಿ ರಿಚರ್ಡ್ ಲಿಡೆಕ್ಕರ್ ಅದಕ್ಕೆ ಟೈಟನೋಸಾರಸ್ ಇಂಡಿಕಸ್ ಎಂದು ಹೆಸರಿಟ್ಟರು. ಭಾರತದ ಮೊದಲ ಡೈನೋಸಾರ್. ಆಮೇಲೆ ಮೂಳೆ ಎಲ್ಲಿ ಹೋಯಿತೋ ಪತ್ತೆಯಿಲ್ಲ. 2012ರಲ್ಲಿ ಅದರ ಬಾಲದ ಮಣಿಯೊಂದು ಕೋಲ್ಕತ್ತದ ಜಿಎಸ್‌ಐ ಸಂಗ್ರಹದಲ್ಲಿ ಸಿಕ್ಕಿತು. ಹುಡುಕಿದವರಲ್ಲಿ ಮತ್ತೆ ಅದೇ ಮೊಹಬೆ ಮತ್ತು ವಿಲ್ಸನ್ ಇದ್ದರು, ಜೊತೆಗೆ ಸುಭಾಸಿಸ್ ಸೇನ್. ಈ ಸಲ ಸುತ್ತಿಗೆ ಬೇಕಾಗಲಿಲ್ಲ, ಹಳೆಯ ರಿಜಿಸ್ಟರು ಮತ್ತು ಧೂಳು ಒರೆಸುವ ಬಟ್ಟೆ ಸಾಕಾಯಿತು.

ಇಷ್ಟು ಓದಿದ ಯಾರಿಗಾದರೂ ಬರುವ ಪ್ರಶ್ನೆ: ನಮ್ಮ ರಾಜ್ಯದಲ್ಲಿ ಯಾಕೆ ಸಿಗುವುದಿಲ್ಲ? ಕಾರಣ ಸರಳ, ನಮ್ಮ ಕಲ್ಲು ತೀರಾ ಹಳೆಯದು. ಡೈನೋಸಾರ್‌ಗಳ ಕಾಲ ಸುಮಾರು 23 ಕೋಟಿ ವರ್ಷಗಳ ಹಿಂದೆ ಶುರುವಾಗಿ 6.6 ಕೋಟಿ ವರ್ಷಗಳ ಹಿಂದೆ ಮುಗಿಯಿತು. ಲಾಲ್‌ಬಾಗಿನ ಬಂಡೆಗೆ ಸುಮಾರು 300 ಕೋಟಿ ವರ್ಷ. ಬಾದಾಮಿಯ ಕೆಂಪು ಮರಳುಗಲ್ಲು ಕೂಡ ಡೈನೋಸಾರಿಗಿಂತ ಹತ್ತಾರು ಕೋಟಿ ವರ್ಷ ಹಿರಿಯದು. ಅಜ್ಜಿಯ ಮದುವೆ ಆಲ್ಬಮ್ಮಿನಲ್ಲಿ ನಮ್ಮ ಫೋಟೊ ಹುಡುಕಿದಂತಾಗುತ್ತದೆ. ಒಂದು ಸಣ್ಣ ಆಸೆ ಇರುವುದು ಉತ್ತರದಲ್ಲಿ. ಬೆಳಗಾವಿ, ವಿಜಯಪುರ, ಕಲಬುರಗಿ, ಬೀದರ್ ಕಡೆಯ ಕರಿಕಲ್ಲು ಡೈನೋಸಾರ್ ಯುಗದ ಕೊನೆಯಲ್ಲಿ ಹರಿದ ಲಾವಾ. ಒಂದು ಲಾವಾ ಹರಿವಿಗೂ ಮುಂದಿನದಕ್ಕೂ ನಡುವೆ ಕೆರೆಗಳಾಗಿ, ಕೆಸರು ಕೂತು, ತೆಳುವಾದ ಪದರಗಳು ಉಳಿದಿವೆ. ಹಳೆಯ ಗುಲ್ಬರ್ಗಾ ಜಿಲ್ಲೆಯ ಇಂಥ ಪದರಗಳಿಂದ ಆಸ್ಟ್ರಕೋಡ್ ಎಂಬ, ಸಾಸಿವೆ ಕಾಳಿಗಿಂತ ದೊಡ್ಡದಲ್ಲದ ಚಿಪ್ಪಿನ ಜೀವಿಗಳ ಪಳೆಯುಳಿಕೆ ಸಿಕ್ಕಿವೆ. ಫೋಟೊ ಹಾಕಿದರೆ ಲೈಕ್ ಬರುವಂಥದ್ದಲ್ಲ. ಆದರೆ ಆ ಕೆರೆಯ ನೀರು ಸಿಹಿಯೋ ಉಪ್ಪೋ ಎಂದು ಹೇಳುವುದು ಅಂಥವೇ.

ಈಗ ಹಿಂದಿನ ಬೆಂಚಿನವನ ಪ್ರಶ್ನೆಗೆ ಬರೋಣ. ಪ್ಯಾಕೇಜ್.

ದಾರಿ ಮುಖ್ಯವಾಗಿ ಎರಡು. ಮೊದಲನೆಯದು ಜಿಎಸ್‌ಐ. ಬಿಎಸ್ಸಿ, ಎಂಎಸ್ಸಿ ಭೂವಿಜ್ಞಾನ ಓದಿ ಯುಪಿಎಸ್‌ಸಿ ನಡೆಸುವ ಸಂಯುಕ್ತ ಭೂವಿಜ್ಞಾನಿ ಪರೀಕ್ಷೆ ಬರೆಯಬೇಕು. 21ರಿಂದ 32 ವರ್ಷದೊಳಗಿನವರಿಗೆ ಅವಕಾಶ, ಮೀಸಲಾತಿಯವರಿಗೆ ಸಡಿಲಿಕೆ ಇದೆ. ಪೂರ್ವಭಾವಿ, ಮುಖ್ಯ ಪರೀಕ್ಷೆ, ಸಂದರ್ಶನ. ಗ್ರೂಪ್ ‘ಎ’ ಹುದ್ದೆ, ಏಳನೇ ವೇತನ ಆಯೋಗದ ಲೆಕ್ಕದಲ್ಲಿ ಮೂಲವೇತನ 56,100 ರೂಪಾಯಿಯಿಂದ ಆರಂಭ, ಭತ್ಯೆ ಬೇರೆ. ನಮ್ಮ ಅನೇಕ ಸೀನಿಯರ್‌ಗಳು ಸೈಟ್ ಎಂಜಿನಿಯರ್ ಆಗಿ ಪಡೆಯುವುದಕ್ಕಿಂತ ಇದು ಮೇಲು. ಆದರೆ ಕೆಲಸಕ್ಕೆ ಸೇರಿದ ಕೂಡಲೇ ಡೈನೋಸಾರ್ ಕೊಡುವುದಿಲ್ಲ. ಯಾವುದೋ ರಾಜ್ಯದ ಯಾವುದೋ ತಾಲ್ಲೂಕಿನ ಭೂಪಟ, ಖನಿಜ ಪರಿಶೋಧನೆ, ಭೂಕುಸಿತದ ಅಧ್ಯಯನ, ಹೀಗೆ ಏನು ಬೇಕಾದರೂ ಬರಬಹುದು. ಪ್ರಾಗ್ಜೀವಿ ವಿಭಾಗ ಸಿಗುವುದು ಆಸಕ್ತಿ ಮತ್ತು ಅದೃಷ್ಟ ಎರಡೂ ಕೂಡಿದಾಗ.

ಎರಡನೆಯದು ಸಂಶೋಧನೆ. ಸಿಎಸ್‌ಐಆರ್–ಯುಜಿಸಿ ನೆಟ್ ಪರೀಕ್ಷೆಯಲ್ಲಿ ಭೂವಿಜ್ಞಾನ ಒಂದು ವಿಷಯ. ಜೆಆರ್‌ಎಫ್ ಸಿಕ್ಕರೆ ತಿಂಗಳಿಗೆ 37,000 ರೂಪಾಯಿ ಶಿಷ್ಯವೇತನ, 2023ರಲ್ಲಿ ಏರಿಸಿದ ದರ ಇದು. ಪಿಎಚ್‌ಡಿಗೆ ಲಖನೌದ ಬೀರಬಲ್ ಸಾಹ್ನಿ ಸಂಸ್ಥೆ, ಐಐಟಿ ರೂರ್ಕಿ, ದೆಹಲಿ ಮತ್ತು ಪಂಜಾಬ್ ವಿಶ್ವವಿದ್ಯಾಲಯಗಳು, ಕೋಲ್ಕತ್ತದ ಭಾರತೀಯ ಸಾಂಖ್ಯಿಕ ಸಂಸ್ಥೆ ಹೆಸರಾದವು. ಕೊನೆಯದು ಸ್ವಲ್ಪ ವಿಚಿತ್ರ ಅನ್ನಿಸಬಹುದು, ಅಂಕಿಅಂಶದ ಸಂಸ್ಥೆಗೂ ಡೈನೋಸಾರಿಗೂ ಏನು ನಂಟು? ಅದರ ಸ್ಥಾಪಕ ಪಿ.ಸಿ. ಮಹಾಲನೋಬಿಸ್ ಅವರೇ 1957ರಲ್ಲಿ ಲಂಡನ್ನಿನಿಂದ ಪಮೇಲಾ ರಾಬಿನ್ಸನ್ ಅವರನ್ನು ಕರೆಸಿ ಭೂವಿಜ್ಞಾನ ಘಟಕ ಕಟ್ಟಿಸಿದರು. ಆ ಘಟಕದವರು ಗೋದಾವರಿ ಕಣಿವೆಯಲ್ಲಿ ಹೊರತೆಗೆದ ದೈತ್ಯನಿಗೆ ಬಾರಾಪಾಸಾರಸ್ ಟಾಗೋರಿ ಎಂದು ಹೆಸರು. ‘ದೊಡ್ಡ ಕಾಲಿನದು’ ಎಂದರ್ಥ. ಅಗೆದ 1961 ರವೀಂದ್ರನಾಥ ಟ್ಯಾಗೋರರ ಜನ್ಮಶತಮಾನದ ವರ್ಷವಾಗಿತ್ತು. ಸುಮಾರು 300 ಮೂಳೆ ಸಿಕ್ಕಿದ್ದರಿಂದ ಅಸ್ಥಿಪಂಜರವನ್ನು ಜೋಡಿಸಿ ನಿಲ್ಲಿಸಲು ಸಾಧ್ಯವಾಯಿತು, ಈಗಲೂ ಕೋಲ್ಕತ್ತದಲ್ಲಿ ನೋಡಬಹುದು.

ಕಹಿಯನ್ನೂ ಹೇಳಬೇಕು. ಪಿಎಚ್‌ಡಿ ಮುಗಿಸಿ ಖಾಯಂ ಕೆಲಸ ಸಿಗುವ ಹೊತ್ತಿಗೆ ವಯಸ್ಸು ಮೂವತ್ತು ದಾಟಿರುತ್ತದೆ. ದೇಶದಲ್ಲಿ ಇಂಥ ಹುದ್ದೆಗಳು ಕಡಿಮೆ, ಬೆನ್ನೆಲುಬಿನ ಪ್ರಾಣಿಗಳ ಪಳೆಯುಳಿಕೆಗೆಂದೇ ಇರುವುದು ಇನ್ನೂ ಕಡಿಮೆ. ಮನೆಯಲ್ಲಿ ‘ಡೈನೋಸಾರ್ ಓದ್ತೀನಿ’ ಎಂದರೆ ನಮ್ಮಪ್ಪ ಒಂದು ನಿಮಿಷ ಸುಮ್ಮನಿದ್ದು ‘ಆಮೇಲೆ?’ ಎನ್ನುತ್ತಾರೆ. ಆ ‘ಆಮೇಲೆ’ಗೆ ಒಂದು ಉತ್ತರ ಇದೆ: ಭೂವಿಜ್ಞಾನದ ಎಂಎಸ್ಸಿ ಕೈಯಲ್ಲಿದ್ದರೆ ಅಂತರ್ಜಲ, ಗಣಿ, ತೈಲ, ಸುರಂಗ ಕಾಮಗಾರಿ ಇಷ್ಟು ಬಾಗಿಲು ತೆರೆದಿರುತ್ತವೆ. ಮೈಸೂರು, ಧಾರವಾಡ, ಬೆಂಗಳೂರಿನ ವಿಶ್ವವಿದ್ಯಾಲಯಗಳಲ್ಲೇ ಓದಬಹುದು. ಮೊಹಬೆ, ಶ್ರೀವಾಸ್ತವ ಇಬ್ಬರೂ ಮೊದಲು ಒಳ್ಳೆಯ ಭೂವಿಜ್ಞಾನಿಗಳಾಗಿದ್ದರು, ಮೂಳೆ ಆಮೇಲೆ ಬಂತು. ಡೈನೋಸಾರನ್ನೇ ಗುರಿ ಮಾಡಿಕೊಂಡು ಹೊರಡುವವರಿಗಿಂತ ಕಲ್ಲು ಓದಲು ಇಷ್ಟಪಡುವವರಿಗೆ ಈ ದಾರಿ ಸರಿ ಎಂದು ನನಗನ್ನಿಸುತ್ತದೆ.

ಇನ್ನು ನಮ್ಮಂಥ ಬಿಇ ಹುಡುಗ–ಹುಡುಗಿಯರಿಗೆ ಇಲ್ಲಿ ಜಾಗ ಇದೆಯೇ? ಬಾಗಿಲು ಕಾಣಿಸದಿದ್ದರೂ ಕಿಟಕಿಗಳಂತೂ ಬೇಕಾದಷ್ಟಿವೆ. 2001ರಲ್ಲಿ ಬ್ರಿಟನ್ನಿನ ಎಮಿಲಿ ರೇಫೀಲ್ಡ್ ಮತ್ತು ಸಂಗಡಿಗರು ಅಲೋಸಾರಸ್ ಎಂಬ ಮಾಂಸಾಹಾರಿಯ ತಲೆಬುರುಡೆಗೆ ಫೈನೈಟ್ ಎಲಿಮೆಂಟ್ ವಿಶ್ಲೇಷಣೆ ಮಾಡಿದರು. ನಾವು ಬೀಮು, ಸ್ಲ್ಯಾಬಿಗೆ ಮಾಡುವ ಅದೇ ವಿಧಾನ. ಬುರುಡೆಯನ್ನು ಸಿಟಿ ಸ್ಕ್ಯಾನ್ ಮಾಡಿ, ಕಂಪ್ಯೂಟರಿನಲ್ಲಿ ಸಾವಿರಾರು ತುಣುಕಾಗಿ ಒಡೆದು, ಭಾರ ಹಾಕಿ ನೋಡಿದರು. ದವಡೆಯ ಸ್ನಾಯುಗಳಿಗೆ ಕಚ್ಚಲು ಸಾಧ್ಯವಿದ್ದ ಬಲಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಬಲವನ್ನು ಬುರುಡೆ ತಡೆಯುತ್ತಿತ್ತು. ಇಷ್ಟೊಂದು ಫ್ಯಾಕ್ಟರ್ ಆಫ್ ಸೇಫ್ಟಿ ಯಾಕೆ? ಬಾಯಿ ತೆರೆದು ಮೇಲಿನ ದವಡೆಯನ್ನೇ ಕೊಡಲಿಯಂತೆ ಬೇಟೆಯ ಮೇಲೆ ಅಪ್ಪಳಿಸುತ್ತಿದ್ದಿರಬೇಕು ಎಂಬುದು ಅವರ ಊಹೆ. ಮೂಳೆ ಮುಟ್ಟದೆಯೂ ಡೈನೋಸಾರ್ ಬಗ್ಗೆ ಹೊಸದು ಹೇಳಬಹುದು ಎಂಬುದಕ್ಕೆ ಇನ್ನೊಂದು ನಿದರ್ಶನ ಮಹಾರಾಷ್ಟ್ರದ ಪಿಸ್ದುರಾದ್ದು. ಅಲ್ಲಿನ ಡೈನೋಸಾರ್ ಲದ್ದಿಯ ಪಳೆಯುಳಿಕೆಯನ್ನು ವಂದನಾ ಪ್ರಸಾದ್ ಮತ್ತು ಸಂಗಡಿಗರು ಸೂಕ್ಷ್ಮದರ್ಶಕದ ಕೆಳಗಿಟ್ಟರು. ಅದರಲ್ಲಿ ಹುಲ್ಲಿನ ಎಲೆಯಲ್ಲಿ ಇರುವಂಥ ಸಿಲಿಕಾ ಕಣಗಳಿದ್ದವು; ಕೆಲವು ಭತ್ತದ ಬಳಗಕ್ಕೆ ಹತ್ತಿರದವು. ಡೈನೋಸಾರ್ ಕಾಲಕ್ಕೆ ಹುಲ್ಲೇ ಇರಲಿಲ್ಲ ಎಂದು ನಂಬಿದ್ದ ಪಠ್ಯಪುಸ್ತಕಗಳು 2005ರಲ್ಲಿ ತಿದ್ದಿಕೊಳ್ಳಬೇಕಾಯಿತು.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಫ್ರೌಡ್ ಸಂಖ್ಯೆ. ಫ್ಲೂಯಿಡ್ ಮೆಕ್ಯಾನಿಕ್ಸ್‌ನಲ್ಲಿ ಕಾಲುವೆಯ ನೀರಿಗೆ ನಾವು ಲೆಕ್ಕ ಹಾಕುತ್ತೇವಲ್ಲ, ಅದೇ. ವಿಲಿಯಂ ಫ್ರೌಡ್ ಎಂಬ ಇಂಗ್ಲಿಷ್ ಎಂಜಿನಿಯರ್ ಹಡಗುಗಳ ಮಾದರಿ ಪರೀಕ್ಷಿಸಲು ಬಳಸಿದ್ದು. ಲೀಡ್ಸ್‌ನ ಪ್ರಾಣಿವಿಜ್ಞಾನಿ ಮ್ಯಾಕ್‌ನೀಲ್ ಅಲೆಗ್ಸಾಂಡರ್ 1976ರಲ್ಲಿ ಇದನ್ನು ಪ್ರಾಣಿಗಳ ನಡಿಗೆಗೆ ಹಚ್ಚಿದರು. ಗಾತ್ರ ಬೇರೆಯಾದರೂ ಫ್ರೌಡ್ ಸಂಖ್ಯೆ ಒಂದೇ ಆಗಿರುವಾಗ ಪ್ರಾಣಿಗಳು ಒಂದೇ ಬಗೆಯಲ್ಲಿ ಹೆಜ್ಜೆ ಹಾಕುತ್ತವೆ ಎಂಬುದು ಅವರ ಎಣಿಕೆ. ಒಂದೇ ಪಾದದ ಎರಡು ಗುರುತುಗಳ ನಡುವಿನ ದೂರ ಮತ್ತು ಸೊಂಟದ ಎತ್ತರ ಗೊತ್ತಿದ್ದರೆ ವೇಗ ಹೇಳಬಹುದು. ಸತ್ತ ಪ್ರಾಣಿಯ ಸೊಂಟ ಅಳೆಯುವುದು ಹೇಗೆ? ಪಾದದ ಗುರುತಿನ ಉದ್ದದ ಸುಮಾರು ನಾಲ್ಕು ಪಟ್ಟು ಎಂದು ಹಿಡಿದರು. 50 ಸೆಂಟಿಮೀಟರ್ ಪಾದ, ಮೂರು ಮೀಟರ್ ಅಂತರ ಇದ್ದರೆ ಸೂತ್ರ ಕೊಡುವ ವೇಗ ಗಂಟೆಗೆ ಸುಮಾರು 8 ಕಿಲೋಮೀಟರ್. ನಮ್ಮ ಜಾಗಿಂಗ್.

ಸೂತ್ರ ನಂಬಬಹುದೇ ಎಂದು ಪರೀಕ್ಷಿಸಲು ಮಳೆ ಬಿದ್ದ ಮರುದಿನ ಹಾಸ್ಟೆಲ್ ಮೈದಾನದಲ್ಲಿ ಒಬ್ಬ ಗೆಳೆಯನನ್ನು ಬರಿಗಾಲಲ್ಲಿ ಓಡಿಸಿದೆವು. ಟೇಪ್ ಹಿಡಿದು ಅಳೆದರೆ ಎಡಗಾಲಿನಿಂದ ಎಡಗಾಲಿಗೆ 2.4 ಮೀಟರ್, ಸೊಂಟದ ಎತ್ತರ 90 ಸೆಂಟಿಮೀಟರ್. ಸೂತ್ರದ ಪ್ರಕಾರ ಗಂಟೆಗೆ ಸುಮಾರು 14 ಕಿಲೋಮೀಟರ್, ಮೊಬೈಲಿನ ಸ್ಟಾಪ್‌ವಾಚ್ ಪ್ರಕಾರ 12. ಗೆಳೆಯ ಸೂತ್ರವೇ ಸರಿ ಎಂದು ವಾದಿಸಿದ. ವ್ಯತ್ಯಾಸ ಎಲ್ಲಿಂದ ಬಂತು, ಮಣ್ಣು ಜಾರಿದ್ದಕ್ಕೋ, ನಾವು ಗುಂಡಿ ಒತ್ತಿದ್ದು ತಡವಾಗಿಯೋ, ಇಲ್ಲ ಸೂತ್ರದಲ್ಲೇ ಅಷ್ಟು ಸಡಿಲವಿದೆಯೋ ಎಂದು ಊಟದ ಬೆಲ್ ಹೊಡೆಯುವವರೆಗೂ ಜಗಳವಾಡಿದೆವು. ಇನ್ನೊಮ್ಮೆ ಮಳೆ ಬಂದರೆ ಹತ್ತು ಜನರನ್ನು ಓಡಿಸಿ ನೋಡುವುದೆಂದು ಪಟ್ಟಿ ಬರೆದಿಟ್ಟಿದ್ದೇವೆ.